ಮಗ್ಗ ಬರಿದಾಗುವವರೆಗೆ

"ಅವನಿಗೂ ಒಂದು ಹೊದಿಸು."

ನನ್ನ ಹೆಂಡತಿ ನನಗೆ ಹೇಳಿದ ಕೊನೆ ಮಾತು ಅದು. ಅವಳ ಹೆಸರು ಮಾಳವ್ವ. ಹೊದಿಸೋದು ಅಂದರೆ ಕಂಬಳಿ. ಅವನು ಅಂದರೆ, ಅವಳನ್ನ ಇರಿದವನು.

ಕೂತುಕೊಳ್ಳಿ. ಹತ್ತಿರ ಬನ್ನಿ, ನನ್ನ ದನಿ ದೊಡ್ಡದಲ್ಲ. ನಾನು ಕಂಬಳಿ ನೇಯೋನು, ಕಥೆ ಹೇಳೋನಲ್ಲ. ಎರಡು ಮಾತಿಗೊಂದು ಸಲ ನಿಲ್ಲುತ್ತೇನೆ. ನಿಂತಾಗ ಯಾರಾದರೂ ಹೂಂ ಅನ್ನಿ. ಹೂಂ ಅನ್ನೋರು ಇಲ್ಲದಿದ್ದರೆ ಕಥೆ ಮುಂದೆ ಹೋಗೋದಿಲ್ಲ.

ಒಂದು ಸೀಮೆ. ಏಳು ಹೊಳೆ ದಾಟಬೇಕು ಅಂತ ಬೇರೆಯವರಾದರೆ ಹೇಳುತ್ತಾರೆ. ಎಷ್ಟು ದೂರ ಅಂತ ನಾನು ಹೇಳೋದಿಲ್ಲ. ಅದರ ಹೆಸರೂ ಈಗ ಬೇಡ. ಕಥೆ ಮುಗಿದ ಮೇಲೆ ಕೇಳಿ, ಆಗಲೂ ಬೇಕು ಅನ್ನಿಸಿದರೆ.

ಆ ಸೀಮೆಗೆ ಒಬ್ಬ ಅರಸ. ಅರಸನಿಗೆ ಒಬ್ಬ ದಳವಾಯಿ, ದಂಡಿಗೆಲ್ಲ ಯಜಮಾನ. ದಳವಾಯಿಯ ಕೈಕೆಳಗೆ ಒಂದು ಪಡೆ. ಏಳೇ ಜನ. ಮರೆಪಡೆ ಅಂತ ಅದಕ್ಕೆ ಹೆಸರು. ದಂಡು ಹೊರಟರೆ ನಗಾರಿ ಬಾರಿಸುತ್ತಾರೆ, ಕಹಳೆ ಊದುತ್ತಾರೆ, ದೂಳು ಏಳುತ್ತೆ. ಮರೆಪಡೆ ಹೊರಟರೆ ನಾಯಿ ಸಹ ತಲೆ ಎತ್ತೋದಿಲ್ಲ.

ಆ ಏಳು ಜನರಲ್ಲಿ ಒಬ್ಬಳು ಹೆಂಗಸು. ಅವಳೇ ಮಾಳವ್ವ.

ಕೋಟೆ ಕಟ್ಟೋ ಕಲ್ಲುಕುಟಿಗರ ಮಗಳು. ಅಪ್ಪ ಗೋಡೆ ಕಟ್ಟುತ್ತಿದ್ದ, ಮಗಳು ಅದೇ ಗೋಡೆ ಹತ್ತುತ್ತಿದ್ದಳು. ದಳವಾಯಿ ಕುದುರೆ ಮೇಲೆ ಬಂದವನು ನೋಡಿದ. ನೋಡಿ ಕರೆದುಕೊಂಡು ಹೋದ.

ಮರೆಪಡೆಯಲ್ಲಿ ಮೂರು ವಿದ್ಯೆ ಕಲಿಸುತ್ತಾರೆ. ಮೊದಲನೆಯದು ಉಸಿರು ಹಿಡಿಯೋದು. ಎರಡನೆಯದು ಹೆಜ್ಜೆ ಸದ್ದು ನುಂಗೋದು. ಮೂರನೆಯದು ಕಾಯೋದು. ಮೊದಲನೆಯದಕ್ಕೆ ಒಂದು ವರ್ಷ, ಎರಡನೆಯದಕ್ಕೆ ಎರಡು ವರ್ಷ. ಮೂರನೆಯದು ಅರ್ಧ ಜನಕ್ಕೆ ಸಾಯೋವರೆಗೂ ಬರೋದಿಲ್ಲವಂತೆ. ಮಾಳವ್ವನಿಗೆ ಬಂತು.

ಪಡೆಯಲ್ಲಿ ಅವಳ ಜೊತೆಗಾರ ಭರಮ. ಇಬ್ಬರೂ ಒಟ್ಟಿಗೆ ಕಲಿತವರು. ಒಂದು ಸಲ ಶತ್ರು ಸೀಮೆಯ ಬೆಟ್ಟದಲ್ಲಿ ಅವಳ ಕಾಲು ಮುರಿಯಿತು. ಕಾಲು ಮುರಿದವರನ್ನ ಅಲ್ಲೇ ಬಿಟ್ಟು ಬರಬೇಕು, ಅದು ಪಡೆಯ ಕಟ್ಟಳೆ. ಭರಮ ಬಿಡಲಿಲ್ಲ. ಮೂರು ದಿನ ಬೆನ್ನ ಮೇಲೆ ಹೊತ್ತು ತಂದ. ಮೊದಲನೇ ದಿನ ಬೈದುಕೊಂಡು ಹೊತ್ತ. ಎರಡನೇ ದಿನ ಹಾಡಿಕೊಂಡು ಹೊತ್ತ. ಮೂರನೇ ದಿನ ಮಾತಿಲ್ಲದೆ ಹೊತ್ತ. "ಏನು ಭಾರನೇ ಮಾಳಿ, ನಿಮ್ಮಪ್ಪನ ಕಲ್ಲು ತಿಂದು ಬೆಳೆದ್ಯಾ" ಅನ್ನುತ್ತಿದ್ದನಂತೆ. ಇದನ್ನ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ಅವಳ ಕಾಲು ಕೂಡೋದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲೇ ಕುರಿಹಟ್ಟಿ ಸುಟ್ಟಿದ್ದು.

ಹೂಂ ಅನ್ನಿ.

ಹೊಳೆಯ ಆಚೆ ದಂಡೆಯಲ್ಲಿ ಕುರಿ ಸಾಕೋರ ಹಟ್ಟಿ ಒಂದಿತ್ತು. ಮೂವತ್ತು ಗುಡಿಸಲು. ದಂಡಿಗೆ ಕುರಿ ಕೊಡಿ ಅಂದರು. ಕೊಟ್ಟರು. ಇನ್ನೂ ಕೊಡಿ ಅಂದರು. ಕೊಟ್ಟರು. ಎಲ್ಲಾ ಕೊಡಿ ಅಂದರು. ಆಗೋದಿಲ್ಲ ಅಂದರು. ದಳವಾಯಿ ಸುತ್ತ ಮುಳ್ಳು ಜಡಿಸಿ, ತನ್ನ ಕೈಯಾರೆ ಕೊಳ್ಳಿ ಇಟ್ಟ. ಆಮೇಲೆ ಅರಸನ ಹತ್ತಿರ ಹೋಗಿ, ಶತ್ರುಗಳು ಸುಟ್ಟರು, ನಾನು ಅಟ್ಟಿಬಿಟ್ಟೆ ಅಂದ. ಅರಸ ಅವನ ಕೈಗೆ ಚಿನ್ನದ ಕಡಗ ತೊಡಿಸಿದ.

ಪಡೆಯವರಲ್ಲದೆ ಅದನ್ನ ಕಂಡವರು ಮೂವರು. ಪಡೆಯವರನ್ನ ಹೊಳೆ ದಾಟಿಸಿದ ಅಂಬಿಗ ಒಬ್ಬ. ಗುಡ್ಡದ ಮೇಲೆ ಸುಣ್ಣದ ಗೂಡು ಇಟ್ಟುಕೊಂಡಿದ್ದ ಮುದುಕಿ ಒಬ್ಬಳು. ಉಣ್ಣೆ ಕೊಳ್ಳಲು ಹಟ್ಟಿಗೆ ಹೋದ ನೇಕಾರ ಒಬ್ಬ.

ಆ ನೇಕಾರ ನಾನು.

ಬಂಡೆ ಹಿಂದೆ ಕೂತಿದ್ದೆ. ಕೂಗು ಕೇಳಿಸಿತು. ಕೂಗು ನಿಂತದ್ದೂ ಕೇಳಿಸಿತು. ಏನು ಮಾಡಿದೆ ಅಂತ ಕೇಳುತ್ತೀರಾ? ಓಡಿದೆ. ಉಣ್ಣೆ ಹೊರೆ ಅಲ್ಲೇ ಬಿದ್ದುಹೋಯಿತು. ಹೊರೆಗೆ ಕಟ್ಟಿದ ಹಗ್ಗದ ತುದಿಗೆ ನಮ್ಮ ಮನೆತನದ ಕೆಂಪು ನೂಲು ಸುತ್ತಿತ್ತು. ಅದು ದಳವಾಯಿಯ ಕೈಗೆ ಸಿಕ್ಕಿತು, ಯಾರ ಹೊರೆ ಅಂತ ತಿಳಿಯಿತು. ನಾನು ಊರಿಗೆ ಬಂದು ಯಾರಿಗೂ ಒಂದು ಮಾತು ಹೇಳಲಿಲ್ಲ. ಹೆದರಿದ್ದೆ, ಅಷ್ಟೇ. ಅಂಗಳ ದಾಟೋದೂ ಬಿಟ್ಟೆ.

ಮಾಳವ್ವ ಕಾಲೂರಿ ನಡೆಯೋ ಹೊತ್ತಿಗೆ ದಳವಾಯಿ ಕರೆದು ಹೇಳಿದ. "ನೀನು ಇನ್ನು ಪಡೆಗೆ ಬೇಡ. ಕುಂಟುತ್ತೀಯ. ಒಬ್ಬಳೇ ಮಾಡೋ ಕೆಲಸ ಕೊಡ್ತೀನಿ. ಮೂವರು ಗೂಢಚಾರರಿದಾರೆ. ಮೂವರನ್ನ ಮುಗಿಸು. ಆಮೇಲೆ ನಿನ್ನ ದಾರಿ ನಿನಗೆ."

ಹೋದಳು. ಅವಳು ಒಳ್ಳೆಯವಳಾಗಿದ್ದಳು ಅಂತ ನಾನು ಹೇಳೋದಿಲ್ಲ. ಏನು ಮಾಡಿದಳೋ ಅದನ್ನ ಹೇಳುತ್ತೇನೆ.

ಮೊದಲನೆಯವನು ಅಂಬಿಗ. ಮೂರು ದಿನ ಜೊಂಡಿನಲ್ಲಿ ಕೂತು ನೋಡಿದಳು. ನಾಲ್ಕನೇ ದಿನ ನಡುಹಗಲು ದಂಡೆಗೆ ಬಂದಳು. "ದಾಟಬೇಕಾ ತಾಯಿ? ಕಾಲು ನೋವಾ? ಕೈ ಹಿಡಿ, ಹತ್ತು" ಅಂದ. ಕೈ ಹಿಡಿದು ಹತ್ತಿದಳು. ಹರಿಗೋಲು ಆಚೆ ದಡಕ್ಕೆ ಬಂದಾಗ ಅದರಲ್ಲಿ ಒಬ್ಬಳೇ ಇದ್ದಳು.

ಎರಡನೆಯವಳು ಸುಣ್ಣದ ಮುದುಕಿ. ಮಾಳವ್ವ ಮೂರು ದಿನ ಗುಡ್ಡದಲ್ಲಿ ಕೂತು ನೋಡಿದಳು. ನಾಲ್ಕನೇ ದಿನ ನಡುಹಗಲು ಗೂಡಿನ ಹತ್ತಿರ ಹೋದಳು. ಮುದುಕಿ ಹೆದರಲಿಲ್ಲ. ಮೈಯೆಲ್ಲ ಸುಣ್ಣ, ಕಣ್ಣು ಮಾತ್ರ ಕಪ್ಪು. ಕತ್ತಿ ನೋಡಿದಳು, ಮುಖ ನೋಡಿದಳು.

"ದಳವಾಯಿ ಕಳಿಸಿದ್ನಾ ಮಗಳೇ?"

ಮಾಳವ್ವ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಅವನು ಕುರಿಹಟ್ಟಿಗೆ ಬೆಂಕಿ ಇಟ್ಟಿದ್ದು ನಾನು ಯಾರಿಗೂ ಹೇಳಿಲ್ಲ. ಈಗ ನಿನಗೆ ಹೇಳಿದೆ ನೋಡು. ನೀನೇ ಮೊದಲನೆಯವಳು."

ಆ ಮಾತು ಮುಗಿಯೋದರೊಳಗೆ ಮಾಳವ್ವನ ಕೈ ಮುಂದೆ ಹೋಗಿಬಿಟ್ಟಿತ್ತು. ಕೈಗೆ ಕಲಿಸಿದ್ದೇ ಹಾಗೆ. ಮುದುಕಿ ಕೂತ ಹಾಗೇ ಸತ್ತಳು. ಮಾಳವ್ವ ಅವಳ ಪಕ್ಕ ಹೊತ್ತು ಇಳಿಯೋವರೆಗೂ ಕೂತಿದ್ದಳು. ಲೆಕ್ಕ ಆಗ ಹೊಳೆಯಿತು. ಕಂಡವರು ಮೂವರು. ಕೇಳಿದವಳು ನಾಲ್ಕನೆಯವಳು. ಮೂರನೆಯವನು ಸತ್ತ ಮಾರನೇ ದಿನ ದಳವಾಯಿ ನಾಲ್ಕನೆಯವಳನ್ನ ಬಿಡುತ್ತಾನಾ?

ಬಿಡೋದಿಲ್ಲ. ಆದರೂ ಮೂರನೆಯವನ ಊರಿಗೆ ಹೊರಟಳು. ಯಾಕೆ ಅಂತ ನಾನೂ ಕೇಳಿದೆ. "ಬೇರೆ ಎಲ್ಲಿಗೆ ಹೋಗಲಿ, ಬೇರೆ ಏನು ಕಲ್ತಿದ್ದೆ ನಾನು" ಅಂದಳು.

ಈಗ ಕಂಬಳಿಯ ಕಟ್ಟಳೆ ಹೇಳಬೇಕು. ಕೇಳಿ, ಇದು ಗೊತ್ತಿಲ್ಲದಿದ್ದರೆ ಉಳಿದದ್ದು ತಿಳಿಯೋದಿಲ್ಲ.

ಆ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಕಂಬಳಿ, ಅರಸನ ಗದ್ದುಗೆಗೂ ಕಂಬಳಿ, ಸತ್ತವರಿಗೂ ಕಂಬಳಿ. ಸತ್ತವರಿಗೆ ಹೊಸದೇ ಆಗಬೇಕು, ಯಾರೂ ಹೊದ್ದಿರಬಾರದು. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ನೂಲಿಗೆ ಹಾಸು ಅನ್ನುತ್ತಾರೆ. ಮಗ್ಗದ ಮೇಲೆ ಹಾಸು ಇರೋವರೆಗೆ, ಆ ಮನೆ ಅಂಗಳದೊಳಗೆ ಹೊಡೆಯೋಕೆ, ಕೊಲ್ಲೋಕೆ ನೇಕಾರನ ಮೈ ಮುಟ್ಟಬಾರದು. ಅರಸನೂ ಮುಟ್ಟಬಾರದು. ಮುಟ್ಟಿದವನು ಸತ್ತರೆ ಸೀಮೆಯ ಯಾವ ನೇಕಾರನೂ ಅವನಿಗೆ ಕಂಬಳಿ ಕೊಡೋದಿಲ್ಲ. ಬರಿ ಮೈಯಲ್ಲಿ ಮಣ್ಣಿಗೆ ಹೋಗಬೇಕು. ದಂಡಿನವರು ಸಾವಿಗೆ ಹೆದರೋದಿಲ್ಲ. ಇದಕ್ಕೆ ಹೆದರುತ್ತಾರೆ.

ಅದಕ್ಕೇ ಮಾಳವ್ವ ಕಾಯಬೇಕಾಯಿತು. ಕಾಯೋದು ಅವಳಿಗೆ ಬರುತ್ತಿತ್ತಲ್ಲ.

ನನ್ನ ಅಂಗಳಕ್ಕೆ ಬಂದು ನಿಂತಳು. ಕುಂಟು ಕಾಲು, ಕೈಯಲ್ಲಿ ನೂಲೋ ಕದಿರು.

"ನೂಲೋ ಕೆಲಸ ಇದೆಯಾ, ಕಂಬಳಿಯಣ್ಣ?"

"ನೂಲೋಕೆ ಬರುತ್ತಾ?"

"ಕಲಿಸಿದ್ರೆ ಬರುತ್ತೆ."

"ಬರದೇ ಇರೋರು ಕದಿರು ಯಾಕೆ ಹಿಡ್ಕೊಂಡು ಬಂದೆ?"

"ದಾರಿಯಲ್ಲಿ ನಾಯಿ ಇದ್ವು."

ನಾನು ನಗೋದು ಕಮ್ಮಿ. ಅವತ್ತು ನಕ್ಕೆ. ಇರು ಅಂದೆ.

ಜಗಲಿಯ ಮೇಲೆ ಕೂತು ನೂಲುತ್ತಿದ್ದಳು. ನಾನು ಒಳಗೆ ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಬಿಟ್ಟುಕೊಂಡು ನೇಯುತ್ತಿದ್ದೆ, ಬಾಗಿಲಿಗೆ ಬೆನ್ನು. ದಿನಾ ಬಂದು ಇಣುಕುತ್ತಿದ್ದಳು. "ಇನ್ನೆಷ್ಟು ಉಳೀತು?" ಒಂದು ಮೊಳ ಅಂದೆ. ಮಾರನೇ ದಿನ ಕೇಳಿದಳು, ಒಂದು ಗೇಣು ಅಂದೆ. ಅದರ ಮಾರನೇ ದಿನ ಕೇಳಿದಳು, ಇವತ್ತು ಕೊಯ್ತೀನಿ ಅಂದೆ. ಇಷ್ಟು ಆಸಕ್ತಿ ಇರೋ ಕೆಲಸದವಳು ಸಿಕ್ಕಳಲ್ಲ ಅಂದುಕೊಂಡೆ.

ಅವತ್ತು ನಡುಹಗಲು ನನ್ನ ಬೆನ್ನ ಹಿಂದೆ ಬಂದು ನಿಂತಳು. ಸೆರಗಿನೊಳಗೆ ಕತ್ತಿ ಇತ್ತಂತೆ. ನನಗೇನು ಗೊತ್ತು. ನಾನು ನೇಯ್ದ ಪಟ್ಟಿ ಕೊಯ್ದು ತೆಗೆದೆ. ಒಂದು ಗೇಣು ನೂಲು ಮಗ್ಗದಲ್ಲೇ ಬಿಟ್ಟೆ. ಹೊಸ ಹಾಸು ತಂದು ಆ ಹಳೇ ತುದಿಗಳಿಗೆ ಒಂದೊಂದೇ ಎಳೆ ಗಂಟು ಹಾಕೋಕೆ ಕೂತೆ.

"ಏನು ಮಾಡ್ತಿದೀಯ?" ಅಂದಳು. ದನಿ ಬೇರೆ ಥರ ಇತ್ತು.

"ಗಂಟು."

"ಮಗ್ಗ ಬರಿದಾಗಲಿಲ್ವಾ?"

"ಯಾಕಾಗುತ್ತೆ? ಹಳೇ ತುದಿಗೆ ಹೊಸದು ಗಂಟು ಹಾಕಿದ್ರೆ, ಎಳೆದಾಗ ತಾನಾಗೇ ಈ ಬಾಚಣಿಗೆ ಥರದ ಅಚ್ಚಿನೊಳಗೆ ನುಗ್ಗುತ್ತೆ. ಬರಿದು ಮಾಡಿದ್ರೆ ನಾನೂರು ಎಳೆ ಮತ್ತೆ ಕೈಯಲ್ಲಿ ಪೋಣಿಸಬೇಕು."

"ಹಾಗಾದ್ರೆ ಬರಿದಾಗೋದು ಯಾವಾಗ?"

"ನಮ್ಮಪ್ಪ ಸತ್ತಾಗ ಒಂದು ಸಲ ಆಗಿತ್ತು. ನಾನು ಸತ್ತಾಗ ಇನ್ನೊಂದು ಸಲ ಆಗುತ್ತೆ."

ಅವಳು ಗೋಡೆ ಹಿಡಿದು ಕೂತುಬಿಟ್ಟಳು. ನಗೋಕೆ ಶುರು ಮಾಡಿದಳು. ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. ಆ ನೀರು ಆಮೇಲೆ ನಿಲ್ಲಲಿಲ್ಲ. ನಾನು ಗಂಟು ಹಾಕುತ್ತಲೇ ಇದ್ದೆ.

"ನಾನು ನಿನ್ನನ್ನ ಕೊಲ್ಲೋಕೆ ಬಂದವಳು" ಅಂದಳು.

ನೂರ ಹನ್ನೆರಡನೇ ಗಂಟಿನಲ್ಲಿದ್ದೆ. ಎಣಿಕೆ ತಪ್ಪಬಾರದು. ನೂರ ಇಪ್ಪತ್ತು ಮುಗಿಸಿ ಕೇಳಿದೆ.

"ಯಾವಾಗ?"

"ಮಗ್ಗ ಬರಿದಾದಾಗ."

"ಸರಿ. ಹಾಗಾದ್ರೆ ಊಟಕ್ಕೆ ಇರ್ತೀಯ."

ಅವತ್ತು ಎಲ್ಲಾ ಹೇಳಿದಳು. ಅಂಬಿಗ, ಮುದುಕಿ, ದಳವಾಯಿ. ನಾನೂ ಬಂಡೆ ಹಿಂದಿನದು ಹೇಳಿದೆ. ಮೊದಲ ಸಲ ಬಾಯಿಬಿಟ್ಟೆ. ರೊಟ್ಟಿ ತಿಂದೆವು. ಆ ತಿಂಗಳು ಅವಳನ್ನ ಕಟ್ಟಿಕೊಂಡೆ. ಊರವರು ಕುಂಟಿನಾ ಅಂದರು. ಹೂಂ ಅಂದೆ.

ಕೊಂದವಳ ಜೊತೆ ಹೇಗೆ ಬಾಳಿದೆ ಅಂತ ಯೋಚನೆ ಮಾಡುತ್ತಿದ್ದೀರಿ. ಗೊತ್ತು. ಅವಳು ದಿನಾ ಬೆಳಿಗ್ಗೆ ಎರಡು ರೊಟ್ಟಿ ಹೆಚ್ಚಿಗೆ ತಟ್ಟುತ್ತಿದ್ದಳು. ಒಂದು ನೀರಿಗೆ ಬಿಡುತ್ತಿದ್ದಳು, ಒಂದು ಗುಡ್ಡದ ಕಡೆ ಕಲ್ಲಿನ ಮೇಲೆ ಇಡುತ್ತಿದ್ದಳು. ಮೀನು ತಿಂತು, ಕಾಗೆ ತಿಂತು. ಅದರಿಂದ ಏನೂ ಸರಿಹೋಗೋದಿಲ್ಲ ಅಂತ ಅವಳಿಗೂ ಗೊತ್ತಿತ್ತು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ಹೀಗೆ ಬಾಳಿದೆವು.

ಉಣ್ಣೆ ಕತ್ತರಿಸೋ ಕಾಲ ಬಂದಾಗ ದಳವಾಯಿಯ ಓಲೆಕಾರ ಬಂದ. ಸೂಜಿ ಮಾರೋನ ವೇಷ. ಬೇಲಿ ಆಚೆ ನಿಂತು ಕೇಳಿದ. "ಮಗ್ಗ ಬರಿದಾಯ್ತಾ?"

"ಇಲ್ಲ."

"ಇದೇನು ಕಂಬಳಿನವ್ವ, ಆನೆಗೆ ಹೊದಿಸ್ತಾನಾ?" ಹೋದ.

ಎರಡನೇ ವರ್ಷ ಬಂದ. "ಮಗ್ಗ ಬರಿದಾಯ್ತಾ?"

"ಇಲ್ಲ."

"ಬೆಟ್ಟಕ್ಕೆ ಹೊದಿಸ್ತಾನಾ ಹಾಗಾದ್ರೆ?" ಹೋದ.

ಮೂರನೇ ವರ್ಷ ಬಂದ. ಸೂಜಿ ಪೆಟ್ಟಿಗೆ ಇರಲಿಲ್ಲ. ಬರಿದಾಯ್ತಾ ಅಂತಲೂ ಕೇಳಲಿಲ್ಲ.

"ದಳವಾಯಿಗೆ ಎಲ್ಲಾ ತಿಳಿದಿದೆ ಮಾಳವ್ವ. ಮುಂದಿನ ಸಲ ನಾನು ಬರಲ್ಲ. ಭರಮ ಬರ್ತಾನೆ. ಹಾಸು ಇದ್ರೂ ನೋಡಬೇಡ, ಇಬ್ಬರನ್ನೂ ಮುಗಿಸು ಅಂತ ಅಪ್ಪಣೆ ಆಗಿದೆ."

"ಭರಮ ಏನಂದ?"

"ಕತ್ತಿ ಮಸೀತಿದ್ದ."

ಓಡಿಹೋಗಬಾರದಿತ್ತಾ? ಅದನ್ನೇ ನಾನೂ ಅಂದೆ. "ಮಗ್ಗ ನೆಲಕ್ಕೆ ನೆಟ್ಟಿದೆ" ಅಂದಳು. "ಹೊತ್ಕೊಂಡು ಹೋಗೋಕಾಗುತ್ತಾ? ದಾರಿಯಲ್ಲಿ ನಿನಗೆ ಯಾವ ಕಟ್ಟಳೆ ಇದೆ? ಮಗ್ಗ ಬಿಟ್ಟ ನೇಕಾರ ಬರೀ ಮನುಷ್ಯ."

"ಅವನು ನಿನ್ನ ಹೊತ್ತು ತಂದವನು. ಕೊಲ್ತಾನಾ?"

"ನಾನು ಸುಣ್ಣದಜ್ಜಿನ ಕೊಲ್ಲಬಾರದು ಅಂತಲೇ ಇದ್ದೆ. ಕೈ ಕೇಳಲಿಲ್ಲ. ಅವನ ಕೈಯೂ ಅಲ್ಲೇ ಕಲಿತದ್ದು."

ಆಮೇಲೆ ಅವಳು ನನ್ನ ಹೆಂಡತಿಯ ಹಾಗೆ ಮಾತಾಡಲಿಲ್ಲ. ಪಡೆಯವಳ ಹಾಗೆ ಮಾತಾಡಿದಳು. ಮನೆ ಸುತ್ತಿ ಬಂದಳು. ಬೇಲಿ ನೋಡಿದಳು, ಬಾಗಿಲು ನೋಡಿದಳು, ಎದುರಿನ ಕರಿಬಂಡೆ ನೋಡಿದಳು.

"ಅಲ್ಲಿ ಕೂರ್ತಾನೆ. ಮೂರು ದಿನ ನೋಡ್ತಾನೆ. ನಾಲ್ಕನೇ ದಿನ ನಡುಹಗಲು ಇಳೀತಾನೆ. ರಾತ್ರಿಯಾದ್ರೆ ಹೆದರಿ ಎಚ್ಚರ ಇರ್ತಾರೆ, ನಡುಹಗಲು ಯಾರೂ ಹೆದರಲ್ಲ."

"ನಾಲ್ಕನೇ ದಿನ ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ನಾವೇ ಗೊತ್ತು ಮಾಡಬೇಕು. ಅಪ್ಪಣೆ ಏನೇ ಇರಲಿ, ಹಾಸು ಇರೋ ಮಗ್ಗದವನ ಮೇಲೆ ಕೈ ಎತ್ತೋಕೆ ಅವನ ಮನಸ್ಸು ಹಿಂಜರಿಯುತ್ತೆ. ಮಗ್ಗ ಬರಿದಾಗಿದೆ ಅಂತ ಕಂಡ ದಿನ ಇಳೀತಾನೆ. ಕಂಬಳಿ ಮುಗಿಸಿ ಬೇಲಿ ಮೇಲೆ ಒಣಗೋಕೆ ಹಾಕು. ನೀನು ತುದಿ ಬಿಡ್ತೀಯ, ಗಂಟು ಹಾಕ್ತೀಯ ಅನ್ನೋದು ಅವನಿಗೆ ಗೊತ್ತಿಲ್ಲ. ನನಗೇ ಗೊತ್ತಿರಲಿಲ್ಲವಲ್ಲ."

ಎರಡು ಪಟ್ಟಿ ನೇಯ್ದೆ. ನಡುವೆ ಹೊಲಿಗೆ ಹಾಕಿ ಒಂದು ಕಂಬಳಿ ಮಾಡಿದೆ. ನಮ್ಮಲ್ಲಿ ಹಾಗೇ, ಮಗ್ಗ ಅಗಲ ಇಲ್ಲ. ಹುಣಸೆ ಬೀಜದ ಸರಿ, ಅಂದರೆ ಅಂಟು ಗಂಜಿ, ಕಾಸಿ ಬಳಿದೆ. ಕರಿಬಂಡೆಯ ಮೇಲಿನ ಹದ್ದು ಕೂರೋ ಜಾಗ ಬಿಟ್ಟು ಹಾರಾಡೋಕೆ ಶುರುಮಾಡಿತು. ಭರಮ ಬಂದ ಅಂದಳು ಮಾಳವ್ವ. ಅದರ ಮೂರನೇ ದಿನ ಕಂಬಳಿ ಬೇಲಿ ಮೇಲೆ ಹಾಕಿದೆ.

ನಾಲ್ಕನೇ ದಿನ ಬೆಳಿಗ್ಗೆ ಮಾಳವ್ವ ಎರಡು ರೊಟ್ಟಿ ಇಟ್ಟು ಬಂದಳು. ನನ್ನನ್ನ ಕುಣಿಯಲ್ಲಿ ಕೂರಿಸಿದಳು, ಬಾಗಿಲಿಗೆ ಬೆನ್ನು ಮಾಡಿ. ಮುಂದೆ ನೀರಿನ ಬೋಗುಣಿ ಇಟ್ಟಳು. "ಇದರಲ್ಲಿ ಬಾಗಿಲು ಕಾಣುತ್ತೆ. ನೀನು ತಿರುಗಬೇಡ. ಗಂಟು ಹಾಕ್ತಾ ಇರು." ಬಾಗಿಲ ಪಕ್ಕ ಉಣ್ಣೆ ರಾಶಿ ಇತ್ತು. ಅದರೊಳಗೆ ಹೊಕ್ಕಳು. ಸ್ವಲ್ಪ ಹೊತ್ತು ಉಸಿರು ಕೇಳಿಸಿತು. ಆಮೇಲೆ ಅದೂ ಇಲ್ಲ.

ನಾನು ಗಂಟು ಹಾಕಿದೆ. ಕೈಯಲ್ಲಿ ಒಂದು ಎಳೆ, ಹಲ್ಲಲ್ಲಿ ಒಂದು ಎಳೆ. ಎಲ್ಲಾ ನೇಕಾರರೂ ಹಾಗೇ ಹಿಡಿಯೋದು. ಹಳೇ ತುದಿ ಕೈಯಲ್ಲಿ, ಹೊಸ ತುದಿ ಹಲ್ಲಲ್ಲಿ. ಐವತ್ತಾಯಿತು. ನೂರಾಯಿತು. ನೂರೈವತ್ತಾಯಿತು.

ಬೋಗುಣಿಯಲ್ಲಿ ಬೆಳಕು ಕಮ್ಮಿಯಾಯಿತು.

ಬಾಗಿಲಲ್ಲಿ ಒಬ್ಬ. ಹೆಜ್ಜೆ ಸದ್ದಿಲ್ಲ, ಉಸಿರಿಲ್ಲ. ಒಳಗೆ ಬಂದ. ನನ್ನ ಬೆನ್ನಿಗೆ ಬಂದ. ನೀರಿನಲ್ಲಿ ಅವನ ಕೈ ಮೇಲೆ ಹೋಯಿತು.

ಹೂಂ ಅನ್ನಿ.

ಕೈ ಮೇಲೇ ನಿಂತಿತು. ಅವನು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. ಮಗ್ಗದಲ್ಲಿ ನೂಲು ಕಂಡ. ನನ್ನ ಬೆರಳ ನಡುವೆ ಗಂಟು ಕಂಡ. ನಾನು ನೀರಿನಲ್ಲಿ ಅವನ ಮುಖ ಕಂಡೆ. ದಣಿದ ಮುಖ. ನನ್ನಷ್ಟೇ ವಯಸ್ಸು. ಕೈ ಕೆಳಗೆ ಬಂತು. ಹೊಡೆಯೋಕಲ್ಲ, ಸುಮ್ಮನೆ ಕೆಳಗೆ ಬಂತು. ಕತ್ತಿ ತೊಡೆಯ ಪಕ್ಕ ಜೋತುಬಿತ್ತು. ಹಾಸು ಇದೆ ಅಂತ ಅವನು ನಿಲ್ಲಿಸಿದ. ದಳವಾಯಿ ಅಪ್ಪಣೆ ಕೊಟ್ಟಿದ್ದರೂ ನಿಲ್ಲಿಸಿದ. ತಿರುಗಿ ಹೋಗೋಕೆ ಹಿಮ್ಮಡಿ ಎತ್ತಿದ.

ಉಣ್ಣೆ ರಾಶಿಯೊಳಗಿಂದ ಮಾಳವ್ವನಿಗೆ ಕೈ ಕಾಣೋದಿಲ್ಲ. ಕಾಲು ಮಾತ್ರ ಕಾಣುತ್ತೆ. ಹೊಡೆಯೋನ ಹಿಮ್ಮಡಿಯೂ ಏಳುತ್ತೆ, ಹಿಂದೆ ತಿರುಗೋನ ಹಿಮ್ಮಡಿಯೂ ಏಳುತ್ತೆ.

ಬೇಡ ಅನ್ನಬೇಕಿತ್ತು ನಾನು. ಒಂದೇ ಮಾತು. ಬಾಯಲ್ಲಿ ನೂಲಿತ್ತು. ಹಲ್ಲು ಬಿಡೋಕೆ ಎಷ್ಟು ಹೊತ್ತು ಬೇಕು ಹೇಳಿ. ನಾನು ಎಲ್ಲದರಲ್ಲೂ ನಿಧಾನ. ಹಲ್ಲು ಬಿಟ್ಟಾಗ ಅವಳು ಎದ್ದಾಗಿತ್ತು.

ಅವಳ ಕತ್ತಿ ಅವನ ಪಕ್ಕೆಗೆ ಹೋಯಿತು. ಅವನ ಕೈ ತಾನಾಗೇ ತಿರುಗಿತು, ಕಲಿಸಿದ ಹಾಗೆ. ಅವನ ಕತ್ತಿ ಅವಳ ಹೊಟ್ಟೆಗೆ ಹೋಯಿತು. ಯಾರೂ ಕೂಗಲಿಲ್ಲ. ಇಬ್ಬರೂ ಮೆಲ್ಲಗೆ ಕೂತರು, ಎದುರುಬದುರು, ಗೋಡೆಗೆ ಒರಗಿಕೊಂಡು. ಉಣ್ಣೆ ಹಾರಾಡುತ್ತಿತ್ತು.

"ಹಾಸು ಇತ್ತಲ್ಲೇ, ಮಾಳಿ" ಅಂದ ಭರಮ. "ನಾನು ನಿಲ್ಲಿಸಿದ್ದೆ."

ಅವಳು ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಹೌದು, ನಿಲ್ಲಿಸಿದ್ದ.

"ನನಗೆ ಕಾಲು ಕಾಣಿಸ್ತು, ಭರಮ."

"ಒಳ್ಳೆ ಏಟು. ಕೈ ತುಕ್ಕು ಹಿಡಿದಿಲ್ಲ."

"ಹಟ್ಟಿ ಸುಡೋವಾಗ ನೀನಿದ್ಯಾ?"

"ಇದ್ದೆ."

"ಬೆಂಕಿ ಇಟ್ಯಾ?"

"ಇಲ್ಲ. ಬಾಗಿಲ ಹತ್ರ ನಿಂತಿದ್ದೆ. ಹೊರಗೆ ಬಂದೋರನ್ನ ಒಳಗೆ ದೂಡೋಕೆ."

ಅದಾದ ಮೇಲೆ ಅವನು ಒಂದೇ ಮಾತು ಆಡಿದ್ದು. "ಭಾರ ಇದ್ದೆ ಕಣೇ ನೀನು" ಅಂದ. ಸತ್ತ.

ಮಾಳವ್ವ ಹೊತ್ತು ಇಳಿಯೋವರೆಗೆ ಇದ್ದಳು. ತಲೆ ನನ್ನ ತೊಡೆ ಮೇಲೆ. ನೀರು ಕೇಳಿದಳು, ಬೋಗುಣಿಯ ನೀರೇ ಕುಡಿಸಿದೆ. "ದಿನ ಗೊತ್ತು ಮಾಡೋಕೆ ಅವನ ನೇಮ ನಂಬಿದೆ, ಅದೇ ನೇಮಕ್ಕೆ ಅವನ ಕೈ ನಿಲ್ಲುತ್ತೆ ಅಂತ ನಂಬಲಿಲ್ಲ" ಅಂದಳು. "ನಾನು ಬೇಡ ಅನ್ನಬೇಕಿತ್ತು" ಅಂದೆ. "ನಿನ್ನ ಬಾಯಲ್ಲಿ ನೂಲಿತ್ತು, ಕಂಬಳಿಯವನೇ" ಅಂದಳು. ಗಂಟು ಹಾಕುವಾಗ ನನ್ನ ಬಾಯಿ ಖಾಲಿ ಇರೋದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಆಮೇಲೆ ಬೇಲಿ ಮೇಲಿನ ಕಂಬಳಿ ಕಡೆ ನೋಡಿದಳು, ಭರಮನ ಕಡೆ ನೋಡಿದಳು. ಆ ಮಾತು ಹೇಳಿದಳು. ಮೊದಲೇ ಹೇಳಿದೆನಲ್ಲ, ಅದೇ ಮಾತು.

ಮಾರನೇ ದಿನ ಬೆಳಿಗ್ಗೆ ಊರವರು ನಾಲ್ಕು ಜನ ಗುಂಡಿ ತೋಡೋಕೆ ಬಂದರು. ಎರಡು ತೋಡಿ ಅಂದೆ.

ಇದ್ದದ್ದು ಒಂದೇ ಹೊಸ ಕಂಬಳಿ. ಅಂಗಳದಲ್ಲಿ ಕೂತು ನಡು ಹೊಲಿಗೆ ಬಿಚ್ಚಿದೆ. ಒಂದೊಂದೇ ಹೊಲಿಗೆ, ಹಲ್ಲಿನಿಂದ ಕಚ್ಚಿ. ಎರಡು ಪಟ್ಟಿ ಆಯಿತು. ಒಂದನ್ನ ಅವಳಿಗೆ ಹೊದಿಸಿದೆ. ಇನ್ನೊಂದನ್ನ ಎತ್ತಿಕೊಂಡೆ.

"ಹೆಂಡತಿ ಕೊಂದವನಿಗೆ ಕಂಬಳಿನಾ?" ಅಂದ ಒಬ್ಬ.

"ಸಲ್ಲುತ್ತೆ."

"ಹೇಗೆ ಸಲ್ಲುತ್ತೆ?"

"ಹಾಸು ನೋಡಿ ಕೈ ಇಳಿಸಿದ."

"ನಿನಗೆ ಮನಸ್ಸು ಬರುತ್ತಾ?"

"ಇಲ್ಲ" ಅಂದೆ. ಹೊದಿಸಿದೆ. ಪಟ್ಟಿ ಅಗಲ ಸಾಲದು, ಒಂದು ಕೈ ಹೊರಗೆ ಉಳಿಯಿತು. ಬಗ್ಗಿ ಅದನ್ನೂ ಒಳಗೆ ಸೇರಿಸಿದೆ. ಆ ಕೈಯೇ ಅವಳನ್ನ ಇರಿದದ್ದು. ಆ ಕೈಯೇ ಅವಳನ್ನ ಹೊತ್ತದ್ದು. ಹಟ್ಟಿಯ ಬಾಗಿಲಲ್ಲಿ ನಿಂತದ್ದೂ ಅದೇ ಕೈ.

ಮಣ್ಣು ಮುಚ್ಚಿ ಒಳಗೆ ಬಂದೆ. ನೂರೈವತ್ತು ಗಂಟು ಹಾಕಿದ ಹಾಸು ಮಗ್ಗದ ಮೇಲಿತ್ತು. ಕತ್ತರಿಸಿದೆ. ಗೇಣುದ್ದ ತುದಿಯನ್ನೂ ಬಿಡಲಿಲ್ಲ, ಅಚ್ಚಿನಿಂದ ಎಳೆದು ತೆಗೆದೆ. ನಮ್ಮಪ್ಪ ಸತ್ತ ಮೇಲೆ ಮೊದಲ ಸಲ ಮಗ್ಗ ಬರಿದಾಯಿತು. ಬಾಗಿಲು ತೆಗೆದೇ ಇಟ್ಟು ಹೊರಟೆ.

ಹೊತ್ತು ನೆತ್ತಿಗೆ ಬರೋ ಮುಂಚೆ ಪಕ್ಕದ ಊರು ಸಿಕ್ಕಿತು. ಮರದ ಕೆಳಗೆ ಕಟ್ಟೆ. ಕಟ್ಟೆಯ ಮೇಲೆ ಐದು ಜನ. ಕೂತುಕೊಳ್ಳಿ, ಹತ್ತಿರ ಬನ್ನಿ ಅಂದೆ. ಹೂಂ ಅನ್ನಿ ಅಂದೆ. ಇವತ್ತು ನಿಮಗೆ ಹೇಳಿದ ಹಾಗೇ ಹೇಳಿದೆ, ಇನ್ನೂ ನಿಧಾನವಾಗಿ. ಕಂಡವರು ಮೂವರು, ಕೇಳಿದವಳು ನಾಲ್ಕನೆಯವಳು, ಈಗ ನಿಮ್ಮನ್ನೂ ಸೇರಿಸಿ ಎಣಿಸಿಕೊಳ್ಳಿ ಅಂದೆ. ಮರೆಪಡೆಯಲ್ಲಿ ಏಳೇ ಜನ ಇದ್ದರು. ಈಗ ಐದು ಜನ. ಇಷ್ಟು ಜನಕ್ಕೆ ಅವರು ಸಾಕಾಗುತ್ತಾರಾ?

ಕೊನೆಗೆ ಕೇಳಿದೆ. "ಸೀಮೆಯ ಹೆಸರು, ದಳವಾಯಿಯ ಹೆಸರು ಬೇಕಾದವರು ಹೂಂ ಅನ್ನಿ. ಬೇಡದವರು ಎದ್ದು ಹೋಗಿ. ತಪ್ಪಿಲ್ಲ. ನಾನೂ ಓಡಿದವನೇ."

ಒಬ್ಬ ಎದ್ದ. ಇನ್ನೊಬ್ಬ ಎದ್ದ. ಮತ್ತಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಒಬ್ಬಳು ಮುದುಕಿ ಉಳಿದಳು. ಎದ್ದು ಹೋದವರ ದಾರಿ ನೋಡಿದಳು, ನನ್ನ ಕಡೆ ತಿರುಗಿದಳು.

"ಹೂಂ" ಅಂದಳು.

ಅವಳಿಗೆ ಹೇಳಿದೆ.